ಬುಗ್ಗಮ್ಮನ ಪಾಲಿನ ರೊಟ್ಟಿ

"ನಾಳಿ ಭೋಜನದ ರೊಟ್ಟಿ ಯಾರು ಮಾಡತಾರ?"

ಬುಗ್ಗಮ್ಮ ಇದನ್ನು ಒಲೆಗೆ ಕೇಳಿದಳೋ ಗೋಡೆಗೆ ಕೇಳಿದಳೋ ತಿಳಿಯಲಿಲ್ಲ. ಮನೆಯಲ್ಲಿ ಎಲ್ಲರೂ ಇದ್ದರು. ಗಂಡ ತಾಯಣ್ಣ ಹೊಸ್ತಿಲಲ್ಲಿ ಕೂತು ಕೈಗನ್ನಡಿ ಹಿಡಿದು ಗಡ್ಡ ತೆಗೆಯುತ್ತಿದ್ದ. ಮಗ ನರಸಿಂಹುಲು ಅಂಗಳದಲ್ಲಿ ತನ್ನ ಆಟೋದ ಸೀಟು ಬಿಚ್ಚಿ ಒರೆಸುತ್ತಿದ್ದ. ಸೊಸೆ ಮೊಗುಲಮ್ಮ ನಾಲ್ಕು ವರ್ಷದ ಮಗಳು ಅಖಿಲಾಳಿಗೆ ಗಂಜಿ ಕುಡಿಸುತ್ತಿದ್ದಳು. ಬುಗ್ಗಮ್ಮನ ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಹತ್ತಿ ಬಿಡಿಸಲು ಹೋದಾಗ ಹೊಲದ ಒಡ್ಡಿನ ಮೇಲೆ ಜಾರಿ ಕೈ ಉಳುಕಿತ್ತು.

ಮಕ್ತಲ್‌ನ ಆ ಕಾಲೊನಿಯ ಸಣ್ಣ ಕ್ರೈಸ್ತ ಸಭೆಯಲ್ಲಿ ತಿಂಗಳ ಮೊದಲ ಆದಿತ್ಯವಾರ ಕರ್ತನ ಭೋಜನ. ಕರ್ತನ ಮೈಯೆಂದು ಉಪ್ಪು ಎಣ್ಣೆ ಇಲ್ಲದ ಗೋಧಿ ರೊಟ್ಟಿ, ರಕ್ತವೆಂದು ಒಣದ್ರಾಕ್ಷಿ ಕುದಿಸಿ ಸೋಸಿದ ನೀರು. ರೊಟ್ಟಿ ಸಭೆಯ ಹಿರಿಯನ ಮನೆಯಿಂದ ಹೋಗಬೇಕು. ಮಾಡುವ ಹೆಂಗಸು ಬೆಳಗಿನಿಂದ ಏನೂ ತಿಂದಿರಬಾರದು, ಯಾರ ಮೇಲೂ ಸಿಟ್ಟು ಇಟ್ಟಿರಬಾರದು, ಮುಚ್ಚಿಟ್ಟ ಪಾಪ ಒಳಗೆ ಇರಬಾರದು. ಹಿರಿಯ ಎಂದರೆ ತಾಯಣ್ಣ. ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುವ ಅವನು ಆದಿತ್ಯವಾರ ಬಿಳಿ ಅಂಗಿ ಹಾಕಿ ಭೋಜನದ ತಟ್ಟೆ ಹಿಡಿಯುತ್ತಿದ್ದ. ಎಷ್ಟೋ ವರ್ಷಗಳಿಂದ ಆ ರೊಟ್ಟಿಗೆ ಬುಗ್ಗಮ್ಮನದಲ್ಲದೆ ಬೇರೆ ಕೈ ತಾಗಿರಲಿಲ್ಲ.

"ಮೊಗುಲಿ ಮಾಡತಾಳ ಬಿಡು," ಅಂದ ತಾಯಣ್ಣ, ಕನ್ನಡಿಯಿಂದ ಕಣ್ಣು ತೆಗೆಯದೆ.

ಮೊಗುಲಮ್ಮನ ಕೈಯಲ್ಲಿನ ಚಮಚ ನಿಂತಿತು. "ನನಗ ಬರಂಗಿಲ್ಲ ಮಾವ. ಅತ್ತಿ ಮಾಡಿದಂಗ ತೆಳ್ಳಗ ಬರಂಗಿಲ್ಲ."

"ಕರ್ತನೇನು ಹೋಟೆಲಿಗೆ ಉಣ್ಣಾಕ ಬರ್ತಾನೇನು, ತೆಳ್ಳಗಿಲ್ಲ ಅಂತ ತಟ್ಟಿ ನೂಕಾಕ?" ನರಸಿಂಹುಲು ಅಂಗಳದಿಂದಲೇ ನಕ್ಕ.

ಬುಗ್ಗಮ್ಮ ನಗಲಿಲ್ಲ. "ನಿನ್ನ ಕೂಸಿನ್ನ ಸಾವಿನ ಬಾಯಾಗಿಂದ ತಗದು ಕೊಟ್ಟಾನ. ಕೈಯಾರ ಒಂದು ರೊಟ್ಟಿ ಮಾಡಿ ಕೊಡಾಕ ನಿನಗ ಹೊರಿ ಆತೇನು?"

ಅದಕ್ಕೆ ಮೊಗುಲಮ್ಮನ ಬಳಿ ಉತ್ತರವಿತ್ತು. ಆದರೆ ಅದನ್ನು ಆಡುವ ಬಾಯಿ ಇರಲಿಲ್ಲ.

ಮೂರು ವಾರದ ಹಿಂದೆ ಅಖಿಲಾಳಿಗೆ ಡೆಂಗಿ ಜ್ವರ ಬಂದು ನಾರಾಯಣಪೇಟೆಯ ಆಸ್ಪತ್ರೆಗೆ ಸೇರಿಸಿದ್ದಾಗ ರಕ್ತದಲ್ಲಿ ಪ್ಲೇಟ್‌ಲೆಟ್ಟು ದಿನಕ್ಕಿಷ್ಟು ಎಂದು ಇಳಿಯುತ್ತಿತ್ತು. ಕೂಸಿನ ಒಸಡಿನಲ್ಲಿ ರಕ್ತ ಜಿನುಗಿತ್ತು. ನರಸಿಂಹುಲು ರಕ್ತ ಕೊಡುವವರನ್ನು ಹುಡುಕಿಕೊಂಡು ಹೋಗಿದ್ದ. ಆ ಮಧ್ಯಾಹ್ನ ಮೊಗುಲಮ್ಮನ ತಾಯಿ ಜೋಗಮ್ಮ ಧನ್ವಾಡದಿಂದ ಬುತ್ತಿ ಕಟ್ಟಿಕೊಂಡು ಬಂದವಳು, ಬುತ್ತಿ ಬಿಚ್ಚದೆ ಮಗಳ ಕೈ ಹಿಡಿದಿದ್ದಳು. "ನಿಮ್ಮ ದೇವ್ರನ್ನ ಕೇಳೀರಿ. ಕೇಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಊರಮ್ಮನ್ನೂ ಒಂದು ಮಾತು ಕೇಳಮು ನಡಿ. ಒಬ್ಬಾಕಿ ತಾಯಿ ಇನ್ನೊಬ್ಬಾಕಿ ತಾಯಿನ್ನ ಕೇಳಿದ್ರ ತಪ್ಪೇನೈತಿ ಬಿಡ್ಡಾ?"

ಕೂಸನ್ನು ನರ್ಸಮ್ಮನಿಗೆ ಒಪ್ಪಿಸಿ ಹೋದರು. ಧನ್ವಾಡದ ಊರಮ್ಮನ ಗುಡಿಯಲ್ಲಿ ಜೋಗಮ್ಮ ಹರಕೆ ಹೊತ್ತಳು. ಕೂಸು ಉಳಿದರೆ ಕೂಸಿನ ಮುಡಿ ಕೊಡುತ್ತೇನೆ, ಒಂದು ಕೋಳಿ ಕೊಡುತ್ತೇನೆ ಅಂದಳು. ಪೂಜಾರಿ ಒಡೆದ ಕಾಯಿಯ ಹೋಳು, ಬೆಲ್ಲ ಮೊಗುಲಮ್ಮನ ಅಂಗೈಗೆ ಹಾಕಿದ. ಗುಡಿಯ ಪ್ರಸಾದ ಸಭೆಯವರು ತಿನ್ನುವಂತಿಲ್ಲ. ಹಿಂದಿನ ದಿನದಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ತಿಂದಳು. ಸಿಹಿಯಾಗಿತ್ತು. ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿ ತಂದು ಕೂಸಿನ ಬಾಯಿಗೂ ಒಂದು ಚೂರು ಇಟ್ಟಳು. ಜೋಗಮ್ಮ ಕೂಸಿನ ಸೊಂಟಕ್ಕೆ ಹಳದಿ ದಾರ ಕಟ್ಟಿದಳು, ಅಂಗಿಯ ಒಳಗೆ.

ಮರುದಿನ ಬೆಳಿಗ್ಗೆ ಪ್ಲೇಟ್‌ಲೆಟ್ಟು ಏರಿತು. ಮಕ್ತಲ್‌ನಲ್ಲಿ ಸಭೆಯವರೆಲ್ಲ ಉಪವಾಸ ಪ್ರಾರ್ಥನೆ ಮಾಡಿದ್ದು ಅದೇ ಹಿಂದಿನ ದಿನ. ಯಾರಿಗೆ ಕೈ ಮುಗಿಯಬೇಕು ಎಂದು ಮೊಗುಲಮ್ಮನಿಗೆ ಗೊತ್ತಾಗಲಿಲ್ಲ. ಯಾರಿಗೂ ಏನೂ ಹೇಳಲಿಲ್ಲ.

ಈಗ ಅವಳು ಹಿಟ್ಟಿನ ಡಬ್ಬಿ ಇಳಿಸಿಕೊಂಡಳು.

ಆದಿತ್ಯವಾರ ರೊಟ್ಟಿ ದಪ್ಪವಾಯಿತು, ಒಂದು ಮಗ್ಗುಲು ಸ್ವಲ್ಪ ಸೀಯಿತು. ಗದ್ವಾಲದಿಂದ ಬೈಕಿನ ಮೇಲೆ ಬಂದ ಪಾಸ್ಟರ್ ರಾಜಕುಮಾರ ಅದನ್ನು ಮುರಿದರು, ತಾಯಣ್ಣ ತಟ್ಟೆ ಹಿಡಿದು ಹಂಚಿದ, ಕಾಲೊನಿಯ ಹಿರಿಯರು ಹೆಂಗಸರು ಎಲ್ಲರೂ ಕಣ್ಣು ಮುಚ್ಚಿ ತಿಂದರು. ಮೊಗುಲಮ್ಮನೂ ತಿಂದಳು. ತುಣುಕನ್ನು ದ್ರಾಕ್ಷಿ ನೀರಿನಲ್ಲಿ ನೂಕಿದಳು.

"ಮೊದಲ ಸಲಕ್ಕ ಭೇಷ್ ಮಾಡೀದಿ," ಅಂದಳು ಬುಗ್ಗಮ್ಮ, ಚಪ್ಪಲಿ ಮೆಟ್ಟುವಾಗ. ಬುಗ್ಗಮ್ಮನ ಬಾಯಿಂದ ಅಂಥ ಮಾತು ಬರುವುದು ಅಪರೂಪ.

ವಾರ ಕಳೆಯಿತು. ಒಂದು ಸಂಜೆ ಎಲ್ಲರೂ ಉಣ್ಣಲು ಕೂತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅಖಿಲಾ ತುತ್ತು ದೂಡಿದಳು.

"ನನಗ ಇದು ಬ್ಯಾಡ. ಹುಳಿ ಐತಿ. ಕೊಬ್ರಿ ಬೆಲ್ಲ ಕೊಡು."

"ಯಾವ ಕೊಬ್ರಿ ಬೆಲ್ಲನೇ?" ಅಂದ ನರಸಿಂಹುಲು.

"ದವಾಖಾನ್ಯಾಗ ಅವ್ವ ಕೊಟ್ಟಿದ್ಲಲ್ಲ. ಗುಡ್ಯಾಂದು. ಅಮ್ಮಮ್ಮ ದಾರ ಕಟ್ಟಿದ್ಲು ನೋಡು," ಎಂದು ಕೂಸು ಅಂಗಿ ಎತ್ತಿ ತೋರಿಸಿತು. "ಭಾಳ ತುರಸ್ತೈತಿ."

ಬುಗ್ಗಮ್ಮ ದಾರ ನೋಡಿದಳು. ಸೊಸೆಯನ್ನು ನೋಡಿದಳು. ಬಾಯಲ್ಲಿನ ತುತ್ತನ್ನು ಕೈಗೆ ತೆಗೆದು ತಟ್ಟೆಯ ಅಂಚಿಗಿಟ್ಟಳು.

"ಯಾವಾಗ ಹೋಗಿದ್ದಿ?"

ಮೊಗುಲಮ್ಮ ತಲೆ ಎತ್ತಲಿಲ್ಲ. "ಕೂಸಿನ ವಸಡ್ಯಾಗ ರಕ್ತ ಬಂದಿತ್ತಲ್ರಿ ಅತ್ತಿ, ಅವತ್ತು."

"ತಿಂದಿಯೇನು?"

"ಹೂಂ."

"ತಿಂದ ಬಾಯಿಲೆ ಏನೂ ಅನ್ನಲಾರದ, ಅದೇ ಕೈಲೆ ರೊಟ್ಟಿ ಮಾಡಿದಿ?"

"ಅತ್ತಿ, ಬರಂಗಿಲ್ಲ ಅಂದಿದ್ದೆ..."

"ತೆಳ್ಳಗ ಬರಂಗಿಲ್ಲ ಅಂದಿ!" ಬುಗ್ಗಮ್ಮ ಎದ್ದು ನಿಂತಳು. "ಇಡೀ ಸಭಿಗಿ ತಿನ್ನಿಸಿದ್ಯಲ್ಲೇ. ಕಣ್ಣು ಕಾಣದ ಮುದುಕಿ ಶಾಂತಮ್ಮಗ ತಿನ್ನಿಸಿದಿ. ನನಗ ತಿನ್ನಿಸಿದಿ!"

"ಯವ್ವಾ, ಕೂತು ಮಾತಾಡು," ಅಂದ ನರಸಿಂಹುಲು. ಅವನ ಮುಖವೂ ಕೆಂಪಗಾಗಿತ್ತು. "ಏ, ನನಗರ ಹೇಳಬೇಕಿಲ್ಲೇನು ನೀನು?"

"ನೀವು ರಕ್ತ ಹುಡುಕಾಕ ಹೋಗಿದ್ರಿ. ಬಂದ ಮ್ಯಾಲೆ ಅಂಜಿಕಿ ಬಂತು."

"ಯಾರ ಅಂಜಿಕಿ?"

ಅಖಿಲಾ ಎಲ್ಲರ ಮುಖ ನೋಡಿ ಅಳತೊಡಗಿದಳು. ತಾಯಣ್ಣ ಮೊಮ್ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಹೋದ. ಅವತ್ತು ಊಟದ ನಂತರದ ಪ್ರಾರ್ಥನೆ ನಡೆಯಲಿಲ್ಲ. ಆ ಮನೆಯಲ್ಲಿ ದಿನಾ ಸಂಜೆ ಬುಗ್ಗಮ್ಮನ ಪಾಠ ನಡೆಯುವುದು. ಓದು ಬಾರದ ಅವಳಿಗೆ ವಾಕ್ಯಗಳೆಲ್ಲ ಕಂಠಪಾಠ. ಒಂದು ಸಾಲು ಅವಳು ಹೇಳುವಳು, ಮುಂದಿನ ಸಾಲು ಮನೆಯವರು. ಕೊನೆಗೆ ತಾಯಣ್ಣನ ಅಪ್ಪ ಕಟ್ಟಿದ ಪದ:

ಕಳಕೊಂಡ ಕುರಿಯ ಹೆಸರ ಹಿಡಿದು ಕರೆಯುವಾತ,
ಮುಳ್ಳಾಗ ಕೈ ಚಾಚಿ ಮೈ ಹರಿದುಕೊಂಡಾತ.

ಮುಂದಿನ ಆದಿತ್ಯವಾರ ಸಭೆ ಮುಗಿಯುವ ಮೊದಲು ಬುಗ್ಗಮ್ಮ ಎದ್ದು ನಿಂತಳು. "ನಂದೊಂದು ಫಿರ್ಯಾದು ಐತಿ." ತನ್ನ ಮನೆಯ ಮೇಲೆ ತಾನೇ ಫಿರ್ಯಾದು ತಂದ ಹೆಂಗಸನ್ನು ಆ ಸಭೆ ಕಂಡಿರಲಿಲ್ಲ. ಗುಡಿ, ದಾರ, ರೊಟ್ಟಿ, ಯಾವುದನ್ನೂ ಬಿಡದೆ, ಯಾವುದಕ್ಕೂ ಬಣ್ಣ ಹಚ್ಚದೆ ಹೇಳಿದಳು. ಹಿಂದೆ ಯಾರೋ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಕುರುಡಿ ಶಾಂತಮ್ಮ ಮಾತ್ರ "ನನಗೇನೂ ಆಗಿಲ್ಲವ್ವ, ಚೆಂದಾಗೇ ಇದ್ದೀನಿ" ಅಂದಳು, ಯಾರೂ ಕಿವಿಗೊಡಲಿಲ್ಲ.

ಹಿರಿಯನಾದ್ದರಿಂದ ತಾಯಣ್ಣನೇ ತೀರ್ಮಾನ ಹೇಳಬೇಕಾಯಿತು. ಮೊಗುಲಮ್ಮ ಪಾಲಿನಿಂದ ಹೊರಗೆ. ಪ್ರಾರ್ಥನೆಗೆ ಬರಬಹುದು, ಬಾಗಿಲ ಹತ್ತಿರ ಕೂಡಬೇಕು. ಭೋಜನ ಇಲ್ಲ. ಅವಳಾಗಿ ಎದ್ದು ತಪ್ಪು ಒಪ್ಪಿಕೊಂಡು ಪಾಲು ಕೇಳುವ ತನಕ.

ಮೊಗುಲಮ್ಮ ಎದ್ದು ಹೋಗಿ ಚಪ್ಪಲಿಗಳ ಪಕ್ಕ ಕೂತಳು.

ಮನೆಯಲ್ಲಿ ಅದಕ್ಕಿಂತ ಕಷ್ಟ. ಬುಗ್ಗಮ್ಮ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಉಳುಕಿದ ಕೈಯಲ್ಲೇ ತನ್ನ ರೊಟ್ಟಿ ತಾನು ಬಡಿದುಕೊಂಡಳು. ಸೊಸೆ ತುಂಬಿದ ಕೊಡದ ನೀರು ಕುಡಿಯಲಿಲ್ಲ, ನಳ ಬಂದಾಗ ತಾನೇ ಬಕೆಟ್ಟು ಹಿಡಿದು ನಿಂತಳು. ತಾಯಣ್ಣ ಒಂದು ದಿನ ಒಳಗಿನ ರೊಟ್ಟಿ, ಒಂದು ದಿನ ಹೊರಗಿನ ರೊಟ್ಟಿ ತಿಂದ. ಅಖಿಲಾ ಎರಡೂ ಕಡೆ ತಿಂದು ಎರಡೂ ಕಡೆ ಬೈಸಿಕೊಂಡಳು.

ಹತ್ತಿ ಹೊಲದಲ್ಲಿ ಅತ್ತೆ ಒಂದು ಸಾಲು, ಸೊಸೆ ದೂರದ ಸಾಲು. ನಡುವಿನ ಸಾಲಿನ ಹೆಂಗಸರಿಗೆ ಅದೇ ಮಾತು.

"ಏನ್ ಮೊಗುಲವ್ವಾ, ನಿಮ್ಮತ್ತಿ ಸ್ವರ್ಗದ ಚಾವಿ ಸೊಂಟಕ್ಕ ಕಟ್ಟಿಕೊಂಡಾಳಂತಲ್ಲ?"

"ಸುಮ್ನಿರು ಅಕ್ಕ. ಆಕಿ ಹೇಳೋದ್ರಾಗ ಸುಳ್ಳಿಲ್ಲ," ಅಂದಳು ಮೊಗುಲಮ್ಮ. ಕಾಯಿಯ ಚೂಪು ತಾಗಿ ಅವಳ ಬೆರಳು ಸೀಳಿತ್ತು. ಹತ್ತಿಗೆ ರಕ್ತ ತಾಗಬಾರದೆಂದು ಬೆರಳನ್ನು ಬಾಯಲ್ಲಿಟ್ಟುಕೊಂಡಳು.

ನರಸಿಂಹುಲುಗೆ ತಾಳ್ಮೆ ತೀರಿತ್ತು. "ಎದ್ದು ನಿಂತು ತಪ್ಪಾತು ಅಂದ್ರ ಮುಗೀತು. ಒಂದು ಮಾತು. ಅದಕ್ಕ ಏನು ಧಾಡಿ ನಿನಗ?"

"ಬಾಯಿಲೆ ಅನಬೌದ್ರಿ. ಅಂದ ಮ್ಯಾಲೆ ಊರಮ್ಮ ಸಿಟ್ಟಾಗಿ ಕೂಸಿಗಿ ಮತ್ತ ಜ್ವರ ಬಂದ್ರ?"

"ಅಂದ್ರ ನಿನಗ ಕರ್ತನ ಮ್ಯಾಲೆ ನಂಬಿಕಿ ಇಲ್ಲ."

"ಐತಿ. ಅಂಜಿಕೀನೂ ಐತಿ. ಎರಡೂ ಒಂದೇ ಹೊಟ್ಟ್ಯಾಗ ಅದಾವ. ಒಂದನ್ನ ಹ್ಯಾಂಗ ತಗದು ಒಗೀಲಿ, ನೀವೇ ಹೇಳ್ರಿ."

ಅವನು ಅಂಗಳಕ್ಕಿಳಿದ. ಆಟೋ ಸ್ಟಾರ್ಟ್ ಮಾಡಿ ಹೊರಟುಹೋದ. ಸಂಜೆ ಬಂದಾಗ ಬುಗ್ಗಮ್ಮ ಅಂಗಳದ ಒಲೆಯ ಮುಂದೆ ಕೂತೇ ಅವನಿಗೆ ಹೇಳಿದಳು, ಒಳಗೆ ಕೇಳಲಿ ಎಂಬಷ್ಟು ಜೋರಾಗಿ.

"ಬರೋ ಭೋಜನಕ್ಕ ಆಕಿ ಪಾಲಿನಾಗ ಸೇರಬೇಕು. ಇಲ್ಲಂದ್ರ ಧನ್ವಾಡಕ್ಕ ಬಿಟ್ಟು ಬಾ. ಕೂಸು ಇಲ್ಲಿರ್ತೈತಿ."

"ಯವ್ವಾ, ಏನಂತಿ?"

"ಹಿರಿಯನ ಮನ್ಯಾಗ ಪಾಲಿಲ್ಲದ ಸೊಸಿ ಇದ್ರ ಸಭಿಗಿ ಯಾರ ಮನಿ ರೊಟ್ಟಿ ಹೋಗಬೇಕು? ನಿಮ್ಮಪ್ಪ ಬಿಳಿ ಅಂಗಿ ಬಿಚ್ಚಿಡಲೇನು?"

"ಬಿಚ್ಚಿಡತೀನಿ ಬೇಕಾರ," ಅಂದ ತಾಯಣ್ಣ.

"ನಿನ್ನ ಕೇಳಿಲ್ಲ," ಅಂದಳು ಬುಗ್ಗಮ್ಮ. "ನರಸಿಂಹುಲು, ನಿನ್ನ ಕೇಳೀನಿ."

ನರಸಿಂಹುಲು ಆಟೋದ ಹ್ಯಾಂಡಲ್ ಆ ಕಡೆ ಈ ಕಡೆ ತಿರುವಿದ. ಕೊನೆಗೆ "ಹೂಂ" ಅಂದ. ಒಳಗೆ ಮೊಗುಲಮ್ಮ ಮಗಳ ಜಡೆ ಹೆಣೆಯುತ್ತಿದ್ದಳು. ಹೆಣೆದದ್ದನ್ನು ಬಿಚ್ಚಿದಳು, ಮತ್ತೆ ಹೆಣೆದಳು. "ಅವ್ವಾ, ಎಳೀಬ್ಯಾಡ," ಅಂತ ಕೂಸು ಕಿರುಚಿತು.

ಬುಧವಾರ ಜೋಗಮ್ಮ ಬಂದಳು. ಸಂಗತಿ ಧನ್ವಾಡಕ್ಕೂ ಮುಟ್ಟಿತ್ತು. ಬುಗ್ಗಮ್ಮ ಹೊಲಕ್ಕೆ ಹೋಗಿದ್ದಳು. ತಾಯಣ್ಣ ಬೆನ್ನು ಹಿಡಿದುಕೊಂಡಿದೆಯೆಂದು ಮಿಲ್ಲಿಗೆ ಹೋಗದೆ ಮಂಚದ ಮೇಲಿದ್ದ. ಬೀಗತಿ ಬಂದದ್ದು ನೋಡಿ ಎದ್ದು ಕೂತ.

"ಬರ್ರಿ. ನೀರು ಕೊಡವ್ವಾ ಮೊಗುಲಿ."

"ನೀರು ಆಮ್ಯಾಲೆ," ಅಂದಳು ಜೋಗಮ್ಮ. ಮಗಳ ಕಡೆ ತಿರುಗಿ ದನಿ ತಗ್ಗಿಸಿದಳು. "ಹರಕಿ ಹಂಗೇ ಉಳದೈತಿ. ಕೋಳಿ ನಾ ಕೊಟ್ಟೆ. ಮುಡಿ ಒಂದು ಬಾಕಿ. ಕೂಸಿನ್ನ ಒಂದು ತಾಸು ಕಳಸು, ಮುಡಿ ತಗಸಿ ತಂದು ಬಿಡತೀನಿ."

"ಅವ್ವಾ, ಕೈ ಮುಗೀತೀನಿ. ಅದರ ತಲಿ ಬೋಳಾದ್ರ ನನ್ನ ಈ ಮನ್ಯಾಗ ಇರಗೊಡಂಗಿಲ್ಲ. ಕೂಸಿನ್ನ ಇಟಗೊಂಡು ನನ್ನ ಕಳಸತಾರ."

"ತೀರಸದಿದ್ರ ಊರಮ್ಮ ಕೇಳತಾಳ ಬಿಡ್ಡಾ. ಕೊಟ್ಟ ಮಾತು ಐತಿ."

"ಆಕೀನೂ ಕೇಳತಾಳ, ಇವ್ರೂ ಕೇಳತಾರ! ಎಲ್ರಿಗೂ ನನ್ನ ಕೂಸೇ ಬೇಕೇನು?" ಮೊಗುಲಮ್ಮ ಗೋಡೆಗೆ ಒರಗಿ ಕುಸಿದು ಕೂತಳು. ಅಳು ಬರಲಿಲ್ಲ, ಬಾಯಿ ಮಾತ್ರ ತೆರೆದುಕೊಂಡಿತು. ಬಾವಿಗೆ ಬಿದ್ದವರು ದಂಡೆ ನೋಡುವಂತೆ ತಾಯಿಯನ್ನು ನೋಡಿದಳು.

ಜೋಗಮ್ಮ ಅಖಿಲಾಳನ್ನು ಹತ್ತಿರ ಕರೆದು, ಅಂಗಿ ಎತ್ತಿ, ಹಳದಿ ದಾರದ ಗಂಟು ಹಲ್ಲಿನಿಂದ ಬಿಚ್ಚಿದಳು. ಅದನ್ನು ತನ್ನ ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡಳು.

"ಮಾತು ಕೊಟ್ಟಾಕಿ ನಾನು. ನೀನಲ್ಲ, ಕೂಸಲ್ಲ. ಕೂಸಿನ ಕೂದಲಾ ಬದ್ಲಿ ನನ್ನ ಕೂದಲಾ ಕೊಡತೀನಿ. ಮುದುಕಿ ಕೂದಲಾ ಅಂತ ಊರಮ್ಮ ಬ್ಯಾಡ ಅಂದ್ರ, ಬ್ಯಾರೆ ಏನು ಬೇಕೋ ನನ್ನೇ ಕೇಳಲಿ. ನಿನ್ನ ಕೇಳಂಗಿಲ್ಲ. ನೀ ಬಿಟ್ಟುಬಿಡು."

"ಅವ್ವಾ..."

"ಬಿಟ್ಟುಬಿಡು ಅಂದೆನಲ್ಲ. ಈಗ ನೀರು ಕೊಡು."

ಎರಡು ದಿನ ಬಿಟ್ಟು ಅವಳು ಮತ್ತೆ ಬಂದಳು, ಕೂಸಿಗೆ ಸಜ್ಜಿ ರೊಟ್ಟಿ ಕೊಟ್ಟು ಹೋಗಲು. ತಲೆಯ ಮೇಲೆ ಸೆರಗು ಬಿಗಿಯಾಗಿ ಹೊದ್ದಿತ್ತು. ಅಖಿಲಾ ಎಳೆದಾಗ ಸೆರಗು ಜಾರಿತು. ನುಣ್ಣಗೆ ಬೋಳಿಸಿದ ತಲೆ, ಕಿವಿಯ ಮೇಲೆ ಒಂದು ಕಡೆ ಕತ್ತಿ ತಾಗಿದ ಗೀರು. ಕೂಸು ಕೈತಟ್ಟಿ ನಕ್ಕಿತು. ಜೋಗಮ್ಮನೂ ನಕ್ಕಳು. "ತಂಪಾಗೈತಿ ನೋಡು," ಅಂದಳು.

ಅವಳು ಹೋದ ಮೇಲೆ ಮೊಗುಲಮ್ಮ ಮಾವನ ಮಂಚದ ಹತ್ತಿರ ಬಂದು ನೆಲದ ಮೇಲೆ ಕೂತಳು.

"ಮಾವ, ಒಂದು ಮಾತು ಕೇಳತೀನಿ. ನೀವು ದಿನಾ ಹೇಳತೀರಲ್ಲ, ನಮ್ಮ ಬದ್ಲಿ ಅವನು ಕೊಟ್ಟಾನ, ನಮ್ಮ ಬದ್ಲಿ ಅವನು ಸತ್ತಾನ ಅಂತ. ಅದು ಇದೇ ಏನು? ನಮ್ಮವ್ವ ಮಾಡಿದ್ಲಲ್ಲ, ಹಿಂಗೇನು?"

ತಾಯಣ್ಣ ಮಂಚದ ಮೇಲೆ ಎದ್ದು ಕೂತ. "ಹೂಂನವ್ವ. ಇದೇ."

"ಇಷ್ಟು ವರ್ಷ ಬಾಯಿಪಾಠ ಅಂದಿದ್ದೆ. ತಿಳದಿದ್ದಿಲ್ಲ," ಅಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನನಗ ಪಾಲು ಬೇಕು ಮಾವ. ಕೂಸಿನ ಸಲುವಾಗಿ ಒಂದೇ ಅಲ್ಲ. ನನಗ ಬೇಕು."

ಮರುದಿನ ತಾಯಣ್ಣ ಗದ್ವಾಲದ ಬಸ್ಸು ಹಿಡಿದ. ಜೂರಾಲ ಡ್ಯಾಮಿನ ಮೇಲೆ ಬಸ್ಸು ಹಾಯುವಾಗ ಪಕ್ಕದವನು ನೀರಿನ ಮಟ್ಟದ ಮಾತು ತೆಗೆದ. ತಾಯಣ್ಣನಿಗೆ ಕೇಳಿಸಲಿಲ್ಲ. ಪಾಸ್ಟರ್ ರಾಜಕುಮಾರ ಮನೆಯ ಮುಂದೆ ಬೈಕು ತೊಳೆಯುತ್ತಿದ್ದರು. ಮಗನ ವಯಸ್ಸಿನವರು. ತಾಯಣ್ಣ ಎಲ್ಲ ಹೇಳಿ ಮುಗಿಸುವ ತನಕ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ನಿಂತಿದ್ದರು.

"ಆಕಿ ಮನಸ್ಸು ತಿರುಗೇತಿ ಅಂದ್ರ ತಡೀಯಾಕ ನಾವ್ಯಾರು ತಾಯಣ್ಣ? ಅದರಾಗ ಅನುಮಾನ ಇಲ್ಲ."

"ಹಂಗಾದ್ರ ಭೋಜನದಾಗ ಸೇರಿಸಮು ಅಯ್ಯಗಾರು?"

"ಸೇರಿಸಮು. ಆದ್ರ ನಿಮ್ಮ ಸಭ್ಯಾಗ ಒಂದು ಕಟ್ಟು ಐತಲ್ಲ, ನಿಮ್ಮ ನಾಯನ ಹಾಕಿದ್ದು."

ತಾಯಣ್ಣನಿಗೆ ಅದು ನೆನಪಿತ್ತು. ಅದಕ್ಕೇ ಬಂದಿದ್ದ. ಕಾಲೊನಿಯಲ್ಲಿ ಮಾತೆತ್ತಿದರೆ ಒಬ್ಬರ ಮೇಲೊಬ್ಬರು ಫಿರ್ಯಾದು ತರುತ್ತಿದ್ದ ಕಾಲದಲ್ಲಿ ಅವನ ಅಪ್ಪ ಹಾಕಿದ ಕಟ್ಟು ಅದು. ಪಾಲಿನಿಂದ ಹೊರಗಾದವರು ತಿರುಗಿ ಬಂದಾಗ ತಟ್ಟೆಯಿಂದ ತೆಗೆದುಕೊಳ್ಳುವಂತಿಲ್ಲ. ಫಿರ್ಯಾದು ತಂದವರು ತಮ್ಮ ಕೈಯ ತುಣುಕನ್ನು ಮುರಿದು ಅರ್ಧ ಕೊಡಬೇಕು, ಅರ್ಧ ತಾವು ತಿನ್ನಬೇಕು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಭೋಜನ ಇಲ್ಲ.

"ಈ ಸಲ ಅದನ್ನ ಬಿಟ್ರ ಆಗಂಗಿಲ್ಲೇನು?" ಅಂದ ತಾಯಣ್ಣ.

"ಬಿಟ್ರ ಬುಗ್ಗಮ್ಮ ಒಪ್ಪತಾಳೇನು? ಕಟ್ಟು ಮುರದು ಸೊಸಿನ್ನ ಸೇರಿಸ್ಯಾರ ಅಂದ್ರ ಆಕಿ ನನ್ನ ಮ್ಯಾಲೇ ಫಿರ್ಯಾದು ತರತಾಳ." ಪಾಸ್ಟರ್ ನಗಲು ನೋಡಿದರು, ಆಗಲಿಲ್ಲ. "ನೀ ಆಕಿ ಜೋಡಿ ಮಾತಾಡು."

ಸಂಜೆ ತಾಯಣ್ಣ ಅಂಗಳದ ಮೂರು ಕಲ್ಲಿನ ಮುಂದೆ ಕೂತ. ಬುಗ್ಗಮ್ಮ ಹಂಚಿನ ಮೇಲೆ ರೊಟ್ಟಿ ತಿರುವುತ್ತಿದ್ದಳು. ನರಸಿಂಹುಲು ಬಾಗಿಲಿಗೆ ಒರಗಿದ್ದ. ಒಳಗೆ ಮೊಗುಲಮ್ಮ ಮುಸುರೆ ತಿಕ್ಕುವ ಸದ್ದು ನಿಂತಿತು.

"ಆಕಿ ಆದಿತ್ಯವಾರ ಎದ್ದು ನಿಲ್ಲತಾಳ. ನೀ ಅರ್ಧ ಕೊಡಬೇಕು," ಅಂದ ತಾಯಣ್ಣ.

"ನಿಂತು ಏನಂತಾಳ?"

"ತಪ್ಪಾತು ಅಂತಾಳ."

"ಅಷ್ಟೇ?"

"ಇನ್ನೇನು ಬೇಕು ನಿನಗ? ನೀನೇ ಕೂಸಿಗಿ ದಿನಾ ಹೇಳಿ ಕೊಡತಿ. ತ್ವಾಟದಾಗ ಇಬ್ರೂ ಕದ್ದು ತಿಂದ್ರು, ಗಿಡದ ಮರಿಗಿ ಅಡಗಿದ್ರು, ದೇವ್ರೇ ಎಲ್ಲಿದ್ದೀರಂತ ಹುಡುಕೊಂಡು ಬಂದ. ತಿಂದು ಕೆಟ್ಟೋರನ್ನ ತಿನ್ನಾಕ ಕೊಟ್ಟೇ ಉಳಸ್ಯಾನ ಬುಗ್ಗೀ. ತನ್ನ ಮೈಯೇ ಕೊಟ್ಟಾನ. ನಿನ್ನ ಕೇಳೋದು ಅರ್ಧ ರೊಟ್ಟಿ."

ಹಂಚಿನ ಮೇಲೆ ರೊಟ್ಟಿ ಸೀಯಿತು. ಬುಗ್ಗಮ್ಮ ತೆಗೆಯಲಿಲ್ಲ.

"ನನ್ನ ಸಾಮೇಲು ಮರತಿಯೇನು?"

ನರಸಿಂಹುಲು ತಲೆ ಎತ್ತಿದ. ತನಗಿಂತ ಮೊದಲು ಒಬ್ಬ ಅಣ್ಣ ಇದ್ದ, ಸತ್ತ, ಎಂಬಷ್ಟೇ ಅವನಿಗೆ ಗೊತ್ತಿತ್ತು. ಆ ಹೆಸರು ಈ ಮನೆಯಲ್ಲಿ ಆಡಿದ್ದು ಅವನು ಕೇಳಿರಲಿಲ್ಲ.

"ಅದಕ್ಕೂ ಇಂಥದೇ ಜ್ವರ," ಅಂದಳು ಬುಗ್ಗಮ್ಮ. ಮಾತು ಮೆಲ್ಲಗೆ ಬರುತ್ತಿತ್ತು, ವಾಕ್ಯ ಹೇಳಿಕೊಡುವ ಹಾಗೆ, ಒಂದೊಂದೇ ಸಾಲು. "ನಾನೂ ಇಟಿಕ್ಯಾಲದಿಂದ ಲಗ್ನ ಆಗಿ ಬಂದ ಮ್ಯಾಲೆ ನೀರಾಗ ಮುಳುಗಿ ದೀಕ್ಷಾ ತಗೊಂಡಾಕಿ. ಇಕಿ ಹಂಗೇ. ನಮ್ಮವ್ವನೂ ಬಂದಿದ್ಲು. ಇದೇ ಹೊಸ್ತಿಲ ಮ್ಯಾಲೆ ಕುಂತು ಅತ್ತಳು. ಒಂದು ಸಲ ಗುಡಿಗಿ ಎತ್ತಿಕೊಂಡು ಹೋಗತೀನಿ, ಕೊಡು ಅಂದಳು. ಕೊಡಬ್ಯಾಡ, ನಂಬಿಕಿ ಬಿಡಬ್ಯಾಡ ಅಂದಾಂವ ನೀನು. ನಾ ಕೊಡಲಿಲ್ಲ. ಪ್ರಾರ್ಥನಿ ಮಾಡಿದೆ. ಮೂಡಲ ಕೆಂಪಾಗೋ ಹೊತ್ತಿಗಿ ಕೂಸಿನ ಮೈ ತಣ್ಣಗಾತು."

"ಬುಗ್ಗೀ..."

"ನಮ್ಮವ್ವ ಮತ್ತ ನನ್ನ ಮುಖ ನೋಡಲಿಲ್ಲ, ಸಾಯೋತನ. ಅವತ್ತಿಂದ ನಾ ರೊಟ್ಟಿ ಮಾಡತಾ ಬಂದೀನಿ. ನಾ ನಡದಿದ್ದು ಖರೆ ದಾರಿ, ಅದಕ್ಕೇ ನನ್ನ ಕೂಸು ಕರ್ತನ ಹಂತ್ಯಾಕ ಹೋಗೇತಿ ಅಂತ ಅನಕೊಂಡು ಮಾಡೀನಿ. ಇಕಿ ಹೋದ್ಲು. ತಿಂದ್ಲು. ಇಕಿ ಕೂಸು ಉಳೀತು. ಈಗ ತಪ್ಪಾತು ಅಂದ್ರ ಪಾಲೂ ಸಿಗತೈತಿ. ಕೂಸೂ ಇಕಿಗೇ, ಪಾಲೂ ಇಕಿಗೇ." ಅವಳು ಸೀದ ರೊಟ್ಟಿಯನ್ನು ಬರಿಗೈಯಲ್ಲಿ ಎತ್ತಿ ಬೂದಿಗೆ ಎಸೆದಳು. "ನನಗೇನೈತಿ ಹೇಳು?"

ತಾಯಣ್ಣ ಬೂದಿಯಿಂದ ಆ ರೊಟ್ಟಿಯನ್ನು ಎತ್ತಿ ಕೊಡವಿದ. "ಕೊಡಬ್ಯಾಡ ಅಂದಾಂವ ನಾನೇ," ಎಂದಷ್ಟೇ ಅಂದ.

ಮೊಗುಲಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದಳು. ಅತ್ತೆಯ ಕಾಲಿನ ಹತ್ತಿರ ಕೂತಳು, ಮುಟ್ಟಲಿಲ್ಲ. "ಅತ್ತಿ, ನನಗ ಗೊತ್ತಿದ್ದಿಲ್ಲರಿ."

"ಗೊತ್ತಿದ್ರ ಹೋಗತಿದ್ದಿಲ್ಲೇನು?"

ಮೊಗುಲಮ್ಮ ಸುಳ್ಳು ಹೇಳಲಿಲ್ಲ. "ಹೋಗತಿದ್ದೆ."

ಬುಗ್ಗಮ್ಮ ಒಲೆಯ ಕಟ್ಟಿಗೆ ಹಿಂದಕ್ಕೆಳೆದಳು. "ಎದ್ದು ಹೋಗಿ ಕೂಸಿಗಿ ಉಣ್ಣಾಕ ಹಾಕು," ಅಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇರೆ ಏನೂ ಇರಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಬುಗ್ಗಮ್ಮ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಒಳಗಿನ ಒಲೆಗೆ ಬಂದು ಭೋಜನದ ರೊಟ್ಟಿ ತಾನೇ ಮಾಡಿದಳು. ತೆಳ್ಳಗೆ ಬಂತು. ಅತ್ತೆ ಒಳಗಿನ ಒಲೆಗೆ ಬಂದದ್ದು ನೋಡಿ ಮೊಗುಲಮ್ಮನ ಎದೆ ಹಗುರಾಯಿತು. ನರಸಿಂಹುಲು ಕೂಡ ಅಂಗಿಗೆ ಇಸ್ತ್ರಿ ಹಾಕುತ್ತ ಶಿಳ್ಳೆ ಹೊಡೆದ.

ಸಭೆ ತುಂಬಿತ್ತು. ಹಾಡು ಮುಗಿದ ಮೇಲೆ ಪಾಸ್ಟರ್ ರಾಜಕುಮಾರ ಬಾಗಿಲ ಕಡೆ ನೋಡಿದರು. ಮೊಗುಲಮ್ಮ ಚಪ್ಪಲಿಗಳ ಪಕ್ಕದಿಂದ ಎದ್ದಳು. ಅಖಿಲಾ ಅವಳ ಸೀರೆಯ ಚುಂಗು ಹಿಡಿದಿದ್ದಳು.

"ಕರ್ತನ್ನ ನಂಬಲಾರದ ಓಡಿ ಹೋದೆ," ಅಂದಳು. "ತಿಂದೆ. ಅದನ್ನ ಮುಚ್ಚಿಟ್ಟು ನಿಮಗೆಲ್ಲ ರೊಟ್ಟಿ ಮಾಡಿ ತಿನ್ನಿಸಿದೆ. ಅದು ದೊಡ್ಡ ತಪ್ಪು. ಕೂಸಿಗಿ ಏನಾಗತೈತೋ ಅಂಬೋ ಅಂಜಿಕಿ ನನಗ ಇನ್ನೂ ಹೋಗಿಲ್ಲ. ಹೋಗೇತಿ ಅಂತ ಸುಳ್ಳು ಹೇಳಂಗಿಲ್ಲ. ಆ ಅಂಜಿಕೀನೂ ಇಲ್ಲಿಗೇ ತಂದೀನಿ, ಅವನ ಕಾಲಿಗಿ. ನನ್ನ ತಗೊಳ್ಳಲಿ. ನನಗ ಪಾಲು ಕೊಡ್ರಿ."

"ಕೊಡ್ರಪ್ಪ, ಕೊಡ್ರಿ," ಅಂದಳು ಕುರುಡಿ ಶಾಂತಮ್ಮ. ಸಭೆಯಲ್ಲಿ ಹಲವರು ಆಮೆನ್ ಅಂದರು. ಪಾಸ್ಟರ್ ಕಣ್ಣು ಒರೆಸಿಕೊಂಡು ರೊಟ್ಟಿ ಮುರಿದರು.

"ದೇವ್ರ ಕಡಿಂದ ಬಾಕಿ ಏನೂ ಇಲ್ಲ ತಂಗಿ. ಮುಂದ ಬಾ."

ತಾಯಣ್ಣ ತಟ್ಟೆ ಹಿಡಿದು ಮೊದಲು ಬುಗ್ಗಮ್ಮನ ಮುಂದೆ ಬಂದ. ಬುಗ್ಗಮ್ಮ ತನ್ನ ತುಣುಕು ತೆಗೆದುಕೊಂಡಳು. ಮೊಗುಲಮ್ಮ ಬಂದು ಅವಳ ಮುಂದೆ ಮೊಣಕಾಲೂರಿ ಎರಡೂ ಅಂಗೈ ಜೋಡಿಸಿ ಚಾಚಿದಳು. ಅಖಿಲಾ ಅವ್ವನನ್ನು ನೋಡಿ ತಾನೂ ಪಕ್ಕದಲ್ಲಿ ಮೊಣಕಾಲೂರಿ ಪುಟ್ಟ ಅಂಗೈ ಚಾಚಿದಳು.

ಬುಗ್ಗಮ್ಮನ ಕಣ್ಣು ಸೊಸೆಯ ಕೈ ದಾಟಿ ಆ ಪುಟ್ಟ ಕೈಯ ಮೇಲೆ ನಿಂತಿತು. ಸಾಮೇಲು ಸಾಯುವಾಗ ಅಷ್ಟೇ ವಯಸ್ಸಿನವನು. ತುಣುಕಿನ ಎರಡು ಅಂಚಿಗೂ ಅವಳ ಬೆರಳು ಹೋದವು, ಬಿಗಿದವು. ರೊಟ್ಟಿ ಮುರಿಯಲಿಲ್ಲ.

"ಬುಗ್ಗಮ್ಮಾ," ಅಂದರು ಪಾಸ್ಟರ್.

"ಯವ್ವಾ," ಅಂದ ನರಸಿಂಹುಲು ಹಿಂದಿನಿಂದ. "ಯವ್ವಾ, ಕೊಡು."

ಬುಗ್ಗಮ್ಮ ತುಣುಕನ್ನು ಇಡಿಯಾಗಿ ತಟ್ಟೆಗೆ ತಿರುಗಿ ಇಟ್ಟಳು. ಗಂಡನ ಮುಖ ನೋಡಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು, ಹಿಟ್ಟಿನ ಪುಡಿ ಒಂದಿಷ್ಟೂ ಉಳಿಯದ ಹಾಗೆ.

"ಅತ್ತಿ," ಅಂದಳು ಮೊಗುಲಮ್ಮ, ಚಾಚಿದ ಕೈ ತೆಗೆಯದೆ. "ಅತ್ತಿ, ಕೊಡ್ರಿ. ನಿಮ್ಮ ಜೋಡಿ ತಿನಬೇಕು ನಾ. ನೀವು ಕೊಡದಿದ್ರ ನನಗೂ ಪಾಲಿಲ್ಲ, ನಿಮಗೂ ಇಲ್ಲ."

"ಗೊತ್ತೈತಿ," ಅಂದಳು ಬುಗ್ಗಮ್ಮ. "ಕೊಡಂಗಿಲ್ಲ."